ಮೂರು ಮಿಥೈಲ್ ಗುಂಪುಗಳು ಹೋದರೆ ಪೊರೆಗೆ ಏನು ಲಾಭ?

ಪ್ರಶ್ನೆ:
ನಾನು ಜೀವರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ಲ್ಯಾನೋಸ್ಟೆರಾಲ್ ಎಂಬ ಪೂರ್ವರೂಪವು ಜೀವಕೋಶದ ಪೊರೆಯಲ್ಲಿರುವ ಕೊಲೆಸ್ಟೆರಾಲ್ ಆಗಿ ಮಾರ್ಪಡುವಾಗ ಮೂರು ಮಿಥೈಲ್ ಗುಂಪುಗಳು (ಒಂದು ಇಂಗಾಲ, ಮೂರು ಹೈಡ್ರೋಜನ್ ಪರಮಾಣುಗಳ ಪುಟ್ಟ ಗುಂಪುಗಳು) ಕಳಚಿಹೋಗುತ್ತವೆ. ಇದಕ್ಕಾಗಿ ಜೀವಕೋಶವು ಹಲವು ಕಿಣ್ವಗಳನ್ನೂ ಸಾಕಷ್ಟು ಆಮ್ಲಜನಕವನ್ನೂ ವ್ಯಯಿಸುತ್ತದೆ. ನಾಲ್ಕು ಉಂಗುರಗಳ ಚೌಕಟ್ಟು, ಮೂರನೆಯ ಇಂಗಾಲದ ಮೇಲಿನ ಹೈಡ್ರಾಕ್ಸಿಲ್ ಗುಂಪು ಎರಡರಲ್ಲೂ ಇರುವಾಗ ಇಷ್ಟೆಲ್ಲ ಖರ್ಚು ಯಾತಕ್ಕೆ?

ಉತ್ತರ 1:
ಅಣುವಿನ ಮಾದರಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಕೊಲೆಸ್ಟೆರಾಲಿನ ಒಂದು ಮೈಯಲ್ಲಿ, ಅಂದರೆ ಬೀಟಾ ಮುಖದಲ್ಲಿ, ಎರಡು ಮಿಥೈಲ್ ಗುಂಪುಗಳು ಉಬ್ಬಿಕೊಂಡಿವೆ. ಆಲ್ಫಾ ಮುಖ ಮಾತ್ರ ಹಲಗೆಯಂತೆ ನುಣುಪು. ಪೊರೆಯನ್ನು ಕಟ್ಟಿರುವ ಕೊಬ್ಬಿನ ಅಣುಗಳಾದ ಫಾಸ್ಫೋಲಿಪಿಡ್‌ಗಳ ನೇರವಾದ ಕೊಬ್ಬಿನಾಮ್ಲ ಸರಪಳಿಗಳು ಈ ನುಣುಪು ಮೈಗೆ ಒತ್ತಿಕೊಂಡು ನಿಲ್ಲುತ್ತವೆ. ಇವುಗಳ ನಡುವಿನ ವಾನ್ ಡರ್ ವಾಲ್ಸ್ ಆಕರ್ಷಣೆ (ಹತ್ತಿರದ ಅಣುಗಳ ನಡುವಿನ ದುರ್ಬಲ ಸೆಳೆತ) ದೂರ ಸ್ವಲ್ಪ ಹೆಚ್ಚಿದರೂ ಥಟ್ಟನೆ ಕುಗ್ಗುವುದರಿಂದ, ಲ್ಯಾನೋಸ್ಟೆರಾಲಿನ 14ನೆಯ ಇಂಗಾಲದಿಂದ ಆಲ್ಫಾ ಮುಖದತ್ತ ಚಾಚಿದ ಒಂದೇ ಒಂದು ಮಿಥೈಲ್ ಗುಂಪು ಆ ಹೊಂದಾಣಿಕೆಯನ್ನು ಕೆಡಿಸಲು ಸಾಕು. ಲ್ಯಾನೋಸ್ಟೆರಾಲ್ ಕೂಡ ಸರಪಳಿಗಳನ್ನು ಒಂದಿಷ್ಟು ಅಚ್ಚುಕಟ್ಟಾಗಿಸುತ್ತದೆ, ಆದರೆ ಕೊಲೆಸ್ಟೆರಾಲಿನಷ್ಟಲ್ಲ. 1964ರಲ್ಲಿ ನೊಬೆಲ್ ಪಡೆದ ಜೀವರಸಾಯನ ವಿಜ್ಞಾನಿ ಕೊನ್ರಾಡ್ ಬ್ಲಾಕ್ ತಮ್ಮದೇ ಪ್ರಯೋಗಗಳ ಆಧಾರದ ಮೇಲೆ, ಜೀವವಿಕಾಸವು ಈ ಮುಖವನ್ನು ಹಂತಹಂತವಾಗಿ ನಯಗೊಳಿಸಿದೆ ಎಂದು ವಾದಿಸಿದ್ದರು. ನನಗೆ ಅದು ಇಂದಿಗೂ ಒಪ್ಪುವಂಥ ವಾದ.

ಉತ್ತರ 2:
ಇದರಿಂದ ಕೊಲೆಸ್ಟೆರಾಲ್ ಪೊರೆಯನ್ನು ಸದಾ ಬಿಗಿಗೊಳಿಸುತ್ತದೆ ಎಂದು ಭಾವಿಸಬೇಡಿ. ಡೈಪಾಲ್ಮಿಟಾಯಿಲ್ ಫಾಸ್ಫಟಿಡೈಲ್‌ಕೋಲೀನ್ ಎಂಬ ಫಾಸ್ಫೋಲಿಪಿಡ್‌ನ ಪೊರೆ ಸುಮಾರು 41 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕಿಂತ ಮೇಲೆ ಕೊಲೆಸ್ಟೆರಾಲ್ ಸರಪಳಿಗಳನ್ನು ಒತ್ತಾಗಿಸಿ ಸೋರಿಕೆಯನ್ನು ತಗ್ಗಿಸುತ್ತದೆ. ಅದಕ್ಕಿಂತ ಕೆಳಗೆ, ಹೆಪ್ಪುಗಟ್ಟಿದ ಸಾಲುಗಳ ನಡುವೆ ನುಗ್ಗಿ ಅವುಗಳನ್ನು ಸಡಿಲಿಸುತ್ತದೆ. ಕೊಲೆಸ್ಟೆರಾಲಿನ ಪಾಲು ಅರ್ಧದ ಹತ್ತಿರ ಬಂದಾಗ ಆ ಕರಗುವಿಕೆಯೇ ಕಾಣದಾಗಿ, ಸರಪಳಿಗಳು ನೆಟ್ಟಗಿದ್ದರೂ ಅಣುಗಳು ಅತ್ತಿತ್ತ ಸರಿದಾಡಬಲ್ಲ ಸ್ಥಿತಿ ಉಂಟಾಗುತ್ತದೆ. ಹೈಡ್ರಾಕ್ಸಿಲ್ ಗುಂಪಿನ ದಿಕ್ಕೂ ಮುಖ್ಯ: ಅದು ಆಲ್ಫಾ ಕಡೆಗೆ ತಿರುಗಿರುವ ಎಪಿಕೊಲೆಸ್ಟೆರಾಲ್ ಈ ಕೆಲಸದಲ್ಲಿ ಹಿಂದೆ ಬೀಳುತ್ತದೆ.

ಉತ್ತರ 3:
ತಾವು ಕೇಳಿದ ಮೂರರಲ್ಲಿ 14ನೆಯ ಇಂಗಾಲದ ಮಿಥೈಲ್ ಗುಂಪಿನ ಮೇಲೆಯೇ ಒಂದು ಚಿಕಿತ್ಸೆ ನಿಂತಿದೆ. ಶಿಲೀಂಧ್ರಗಳ ಪೊರೆಯಲ್ಲಿರುವುದು ಕೊಲೆಸ್ಟೆರಾಲಿನಂತೆಯೇ ಸ್ಟೆರಾಲ್ ಗುಂಪಿಗೆ ಸೇರಿದ ಎರ್ಗೋಸ್ಟೆರಾಲ್. ಅದಕ್ಕೆ ಕೊಲೆಸ್ಟೆರಾಲಿಗಿಂತ ಎರಡು ದ್ವಿಬಂಧಗಳೂ ಬಾಲದಲ್ಲೊಂದು ಮಿಥೈಲ್ ಗುಂಪೂ ಹೆಚ್ಚು. 2021ರಲ್ಲಿ ಕಪ್ಪು ಶಿಲೀಂಧ್ರ ರೋಗ ಹರಡಿದಾಗ ನಮ್ಮ ರಾಜ್ಯದಲ್ಲೂ ಜನ ಹುಡುಕಾಡಿದ ಆಂಫೊಟೆರಿಸಿನ್ ಬಿ ಔಷಧವು ಎರ್ಗೋಸ್ಟೆರಾಲನ್ನು ಹೆಚ್ಚು ಗಟ್ಟಿಯಾಗಿ ಹಿಡಿಯುತ್ತದೆ. ಕೊಲೆಸ್ಟೆರಾಲನ್ನೂ ಅಷ್ಟಿಷ್ಟು ಹಿಡಿಯುತ್ತದೆ. ಫ್ಲುಕೊನಜೋಲ್ ಎಂಬ ಇನ್ನೊಂದು ಶಿಲೀಂಧ್ರ-ವಿರೋಧಿ ಔಷಧದ ದಾರಿ ಬೇರೆ. ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದಲ್ಲಿ 14ನೆಯ ಇಂಗಾಲದ ಮಿಥೈಲ್ ಗುಂಪನ್ನು ತೆಗೆಯುವ ಕಿಣ್ವವನ್ನೇ ತಡೆಯುತ್ತದೆ. ಆಗ ಎರ್ಗೋಸ್ಟೆರಾಲ್ ಕಡಿಮೆಯಾಗಿ, ಆ ಗುಂಪನ್ನು ಹೊತ್ತ ಸ್ಟೆರಾಲ್‌ಗಳು ಪೊರೆಯಲ್ಲಿ ಸೇರಿಕೊಳ್ಳುತ್ತವೆ, ಶಿಲೀಂಧ್ರದ ಬೆಳವಣಿಗೆ ನಿಲ್ಲುತ್ತದೆ.