ಕ್ವಾಲಿಸ್ ಕ್ಲಚ್: ಎಣ್ಣೆ ಕಡಿಮೆಯಾಗಿಲ್ಲ, ಆದರೂ ಗೇರ್ ಬೀಳುತ್ತಿಲ್ಲ

ಮೂಡಿಗೆರೆ ಕ್ವಾಲಿಸ್:
ಎಲ್ಲರಿಗೂ ನಮಸ್ಕಾರ. ನಮ್ಮದು 2003ರ ಡೀಸೆಲ್ ಕ್ವಾಲಿಸ್. ತೋಟದ ಕೆಲಸಕ್ಕೂ ಚಿಕ್ಕಮಗಳೂರಿನ ಓಡಾಟಕ್ಕೂ ಇದೊಂದೇ ಗಾಡಿ. ಮಳೆಗಾಲ ಮುಗಿದಾಗಿನಿಂದ ರಿವರ್ಸ್ ಹಾಕುವಾಗ ಕರಕರ ಸದ್ದು ಬರುತ್ತಿದೆ. ಪೆಡಲನ್ನು ಬೇಗ ಬೇಗ ಎರಡು ಮೂರು ಸಲ ತುಳಿದರೆ ಗೇರ್ ಸಲೀಸಾಗಿ ಬೀಳುತ್ತದೆ. ಮೊದಲ ಗೇರಿನಲ್ಲಿ ಪೆಡಲ್ ತುಳಿದು ನಿಂತಿದ್ದರೆ, ಸ್ವಲ್ಪ ಹೊತ್ತಿನಲ್ಲಿ ಗಾಡಿ ತಾನಾಗಿಯೇ ಮುಂದಕ್ಕೆ ಸರಿಯಲು ಶುರು ಮಾಡುತ್ತದೆ. ಕ್ಲಚ್ ಎಣ್ಣೆಯ ಡಬ್ಬಿಯಲ್ಲಿ ಮಟ್ಟ ಇದ್ದಲ್ಲೇ ಇದೆ, ಗಾಡಿ ನಿಲ್ಲಿಸಿದ ಜಾಗದಲ್ಲಿ ಒಂದು ಹನಿಯೂ ಇಲ್ಲ. ಮೆಕ್ಯಾನಿಕ್ ನೋಡಿ, ‘ಎಣ್ಣೆ ಸೋರುತ್ತಿಲ್ಲ ಎಂದ ಮೇಲೆ ಕ್ಲಚ್ ಪ್ಲೇಟೇ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು’ ಎನ್ನುತ್ತಾರೆ. ಕಾಫಿ ಕೊಯ್ಲು ಹತ್ತಿರ ಬಂತು, ಈಗ ಗಾಡಿ ಬಿಟ್ಟುಕೊಟ್ಟು ಕೂರುವ ಹಾಗಿಲ್ಲ. ಇಳಿಸುವ ಮೊದಲು ನೋಡಬೇಕಾದದ್ದು ಏನಾದರೂ ಇದೆಯೇ?

ಹಾಸನ ಸ್ಪ್ಯಾನರ್:
ಸರ್, ಗೇರ್ ಬಾಕ್ಸಿಗೆ ಕೈ ಹಾಕಲು ಸದ್ಯಕ್ಕೆ ಬಿಡಬೇಡಿ. ಪ್ಲೇಟ್ ಎಂದರೆ ಎಂಜಿನ್ನಿನ ಓಟವನ್ನು ಗೇರ್ ಬಾಕ್ಸಿಗೆ ದಾಟಿಸುವ ಬಿಲ್ಲೆ. ಅದು ಸವೆದರೆ ಕ್ಲಚ್ ಜಾರುತ್ತದೆ: ಎಂಜಿನ್ ಕೂಗುತ್ತದೆ, ಗಾಡಿ ಏರು ಹತ್ತುವುದಿಲ್ಲ. ನಿಮ್ಮದು ಅದಕ್ಕೆ ತದ್ವಿರುದ್ಧ, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಎರಡಕ್ಕೂ ಕಾರಣ ಬೇರೆ, ಮದ್ದು ಬೇರೆ.

ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಎಣ್ಣೆಯನ್ನು ತಳ್ಳುತ್ತದೆ, ಆ ಎಣ್ಣೆ ಕೆಳಗಿನ ಸ್ಲೇವ್ ಸಿಲಿಂಡರಿನ ಕಡ್ಡಿಯನ್ನು ತಳ್ಳುತ್ತದೆ, ಕಡ್ಡಿ ಕ್ಲಚ್ಚನ್ನು ಬಿಡಿಸುವ ಫೋರ್ಕನ್ನು ತಳ್ಳುತ್ತದೆ. ಮಾಸ್ಟರಿನ ಒಳಗಿನ ರಬ್ಬರ್ ವಾಷರ್ ಸವೆದಿದ್ದರೆ ಎಣ್ಣೆ ಹೊರಗೆ ಬರುವುದೇ ಇಲ್ಲ. ವಾಷರಿನ ಅಂಚಿನಿಂದ ನುಸುಳಿ ವಾಪಸು ಡಬ್ಬಿಗೇ ಸೇರುತ್ತದೆ. ಆದ್ದರಿಂದಲೇ ಮಟ್ಟ ಇಳಿದಿಲ್ಲ. ಜೋರಾಗಿ ತುಳಿದಾಗ ವಾಷರ್ ಗೋಡೆಗೆ ಅಂಟಿ ಕೆಲಸ ಮಾಡುತ್ತದೆ, ಹಿಡಿದು ನಿಂತರೆ ನಿಧಾನವಾಗಿ ಬಿಟ್ಟುಕೊಡುತ್ತದೆ. ನೀವು ಬರೆದ ಲಕ್ಷಣಗಳೆಲ್ಲ ಇದಕ್ಕೇ ಹೊಂದುತ್ತವೆ.

ಆದರೂ ನೋಡದೆ ತೀರ್ಪು ಬೇಡ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಹೋಗಲೇಬೇಡಿ. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯಲಿ, ಇನ್ನೊಬ್ಬರು ಸ್ಲೇವ್ ಕಡ್ಡಿಯನ್ನು ನೋಡಲಿ. ಕಡ್ಡಿ ಮುಂದೆ ಹೋಗಿ, ಪೆಡಲ್ ಹಿಡಿದಿರುವಾಗಲೇ ಹಿಂದಕ್ಕೆ ಸರಿದರೆ ಒತ್ತಡ ಎಲ್ಲೋ ಹೋಗುತ್ತಿದೆ ಎಂದರ್ಥ. ಸ್ಲೇವಿನ ರಬ್ಬರ್ ಬೂಟನ್ನು, ಅಂದರೆ ಧೂಳು ತಡೆಯುವ ತುದಿಯ ಟೋಪಿಯನ್ನು, ಬೆರಳಿನಿಂದ ಸರಿಸಿ ನೋಡಿ, ಒಳಗೆ ಎಣ್ಣೆ ನಿಂತಿದ್ದರೆ ಸೋರಿಕೆ ಅಲ್ಲಿ. ಡ್ರೈವರ್ ಕಾಲಿನ ಮೇಲೆ, ಪೆಡಲ್ ಕಡ್ಡಿ ಗೋಡೆಯೊಳಗೆ ಹೋಗುವಲ್ಲಿ ತೇವವಿದ್ದರೆ ಮಾಸ್ಟರಿನ ಹಿಂದಿನ ವಾಷರೂ ಹೋಗಿದೆ. ಎರಡೂ ಕಡೆ ಒಣಗಿದ್ದು ಕಡ್ಡಿ ಮಾತ್ರ ವಾಪಸು ಬರುತ್ತಿದ್ದರೆ ಮಾಸ್ಟರಿನ ಒಳಸೋರಿಕೆ.

ಸಕಲೇಶಪುರದಿಂದ:
ಒಂದು ತಕರಾರು. ನಮ್ಮ ಮಲೆನಾಡಿನಲ್ಲಿ ಮಳೆಗಾಲದಲ್ಲಿ ಓಡಿಸದೆ ನಿಲ್ಲಿಸಿದ ಗಾಡಿಯ ಕ್ಲಚ್ ಪ್ಲೇಟು ತುಕ್ಕಿಗೆ ಎಂಜಿನ್ನಿನ ತುದಿಯ ಭಾರದ ಚಕ್ರ ಫ್ಲೈವೀಲಿಗೇ ಕಚ್ಚಿಕೊಳ್ಳುವುದುಂಟು. ಆಗಲೂ ಗೇರ್ ಬೀಳುವುದಿಲ್ಲ. ಅದಲ್ಲದೆ ಪೈಪಿನಲ್ಲಿ ಗಾಳಿ ಸೇರಿದ್ದರೂ ಪಂಪ್ ಮಾಡಿದಾಗ ಸರಿಹೋಗುತ್ತದೆ. ಏರ್ ತೆಗೆಸಿ ನೋಡುವುದು ಮೊದಲು, ಖರ್ಚೂ ಕಡಿಮೆ.

ಹಾಸನ ಸ್ಪ್ಯಾನರ್:
ತುಕ್ಕು ಹಿಡಿದ ಪ್ಲೇಟು ಪಂಪ್ ಮಾಡಿದರೆ ಬಿಡುವುದಿಲ್ಲ ಸರ್. ಅಲ್ಲಿ ಪೆಡಲ್ ಗಟ್ಟಿಯಾಗಿರುತ್ತದೆ, ಕಡ್ಡಿಯೂ ಪೂರ್ತಿ ಹೋಗುತ್ತದೆ, ಕ್ಲಚ್ ಮಾತ್ರ ಬಿಡುವುದಿಲ್ಲ. ಅಂಥದ್ದಾದರೆ ತಪ್ಪು ಬೆಲ್ ಹೌಸಿಂಗಿನ, ಅಂದರೆ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಕ್ಲಚ್ ಇರುವ ಕವಚದ, ಒಳಗೆ: ಪ್ಲೇಟು, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟು, ಫೋರ್ಕು, ಇವುಗಳಲ್ಲಿ ಒಂದು. ಆಗ ಗೇರ್ ಬಾಕ್ಸ್ ಇಳಿಸಿ, ನಾನೂ ಬೇಡ ಎನ್ನುವುದಿಲ್ಲ.

ಗಾಳಿಯ ಮಾತು ಸರಿ, ಆದರೆ ಕಾಲಿಗೆ ವ್ಯತ್ಯಾಸ ತಿಳಿಯುತ್ತದೆ. ಗಾಳಿ ಇದ್ದರೆ ಪೆಡಲ್ ಸ್ಪಂಜಿನಂತೆ ಮೆತ್ತಗಿರುತ್ತದೆ, ಹಿಡಿದು ನಿಂತರೆ ಅಲ್ಲೇ ನಿಲ್ಲುತ್ತದೆ. ಒಳಸೋರಿಕೆ ಇದ್ದರೆ ಮೊದಲು ಗಟ್ಟಿ ಎನಿಸಿ ಆಮೇಲೆ ಕೆಳಗೆ ಕುಸಿಯುತ್ತದೆ. ಹಳೆಯ ರಬ್ಬರ್ ಹೋಸು ಉಬ್ಬಿದರೂ ಮೆತ್ತಗಾಗುತ್ತದೆ. ಪೆಡಲ್ ಒತ್ತುವಾಗ ಹೋಸನ್ನು ಕೈಯಲ್ಲಿ ಹಿಡಿದರೆ ಉಬ್ಬುವುದು ಗೊತ್ತಾಗುತ್ತದೆ.

ಮೂಡಿಗೆರೆ ಕ್ವಾಲಿಸ್:
ನೋಡಿದೆವು. ಕಡ್ಡಿ ಒಂದು ಸೆಂಟಿಮೀಟರಿಗಿಂತ ಹೆಚ್ಚೇ ಮುಂದೆ ಬರುತ್ತದೆ, ಹಿಡಿದಿದ್ದಂತೆಯೇ ನಿಧಾನವಾಗಿ ಹಿಂದೆ ಹೋಗುತ್ತದೆ. ಬೂಟಿನಲ್ಲಿ ಎಣ್ಣೆ ಇಲ್ಲ, ಮ್ಯಾಟ್ ಒಣಗಿದೆ. ಎಣ್ಣೆಯ ಬಣ್ಣ ಮಾತ್ರ ಕಾಫಿ ಡಿಕಾಕ್ಷನ್ ತರಹ ಕಪ್ಪು.

ಹಾಸನ ಸ್ಪ್ಯಾನರ್:
ಕಪ್ಪು ಬಣ್ಣ ಹೆಚ್ಚಾಗಿ ರಬ್ಬರ್ ಸವೆದ ಪುಡಿಯದು. ಮಾಸ್ಟರ್ ಬದಲಿಸಿ. ಬರೀ ಕಿಟ್, ಅಂದರೆ ಒಳಗಿನ ವಾಷರುಗಳನ್ನಷ್ಟೇ, ಹಾಕುವುದಾದರೆ ಸಿಲಿಂಡರಿನ ಒಳಮೈ ಉಗುರಿನಿಂದ ಸವರಿ ನೋಡಿ. ಗೀರು ಅಥವಾ ತುಕ್ಕಿನ ಗುಳಿ ಉಗುರಿಗೆ ಸಿಕ್ಕರೆ ಕಿಟ್ ಹಾಕಿ ಪ್ರಯೋಜನವಿಲ್ಲ, ಹೊಸ ವಾಷರನ್ನೂ ಅದು ತಿನ್ನುತ್ತದೆ. ಮೇಲಿನದು ಹೊಸದಾದಾಗ ಕೆಳಗಿನ ಹಳೆಯ ಸ್ಲೇವಿನ ಮೇಲೆ ಪೂರ್ತಿ ಒತ್ತಡ ಬೀಳುತ್ತದೆ. ಕೈಯಲ್ಲಿ ಹಣವಿದ್ದರೆ ಸ್ಲೇವ್ ಕಿಟ್ಟನ್ನೂ ಹೋಸನ್ನೂ ಜೊತೆಗೇ ಮುಗಿಸಿ.

ಎಣ್ಣೆ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಿ, ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್, ಕ್ಲಚ್ಚಿಗೂ ಅದೇ. ಡಾಟ್ 5 ಸಿಲಿಕೋನ್ ಎಣ್ಣೆ, ಇದರ ಜೊತೆ ಬೆರೆಯುವುದಿಲ್ಲ. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಒಂದು ಚಮಚ ಬಿದ್ದರೂ ರಬ್ಬರುಗಳೆಲ್ಲ ಊದಿ ಹಾಳಾಗುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಮೂಡಿಗೆರೆಯ ಮಳೆಯಲ್ಲಿ ಮುಚ್ಚಳ ತೆರೆದಿಟ್ಟ ಹಳೆಯ ಬಾಟಲಿಯನ್ನು ಅಟ್ಟದಿಂದ ಇಳಿಸಬೇಡಿ, ಹೊಸದು ತನ್ನಿ. ಬಾನೆಟ್ಟಿನ ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹೊಯ್ಯಿರಿ, ಇಲ್ಲದಿದ್ದರೆ ಬಣ್ಣ ಏಳುತ್ತದೆ.

ಏರ್ ತೆಗೆಯುವಾಗ ಅವಸರ ಬೇಡ. ಪೆಡಲ್ ಒತ್ತಿ ಹಿಡಿ, ಸ್ಲೇವಿನಲ್ಲಿ ಗಾಳಿ ಹೊರಬಿಡುವ ತಿರುಪು, ಅಂದರೆ ನಿಪ್ಪಲ್, ಸಡಿಲಿಸು, ಬಿಗಿ ಮಾಡು, ಆಮೇಲಷ್ಟೇ ಪೆಡಲ್ ಬಿಡು. ಡಬ್ಬಿ ಖಾಲಿಯಾಗಲು ಬಿಟ್ಟರೆ ಮೊದಲಿನಿಂದ ಶುರು ಮಾಡಬೇಕು.

ಮೂಡಿಗೆರೆ ಕ್ವಾಲಿಸ್:
ಮಾಸ್ಟರ್ ಹೊಸದು ಹಾಕಿಸಿದೆ, ಸ್ಲೇವಿಗೆ ಕಿಟ್ ಆಯಿತು. ಹೋಸು ಸಿಗಲಿಲ್ಲ, ಹಳೆಯದೇ ಇದೆ. ರಿವರ್ಸ್ ಬೆಣ್ಣೆಯಂತೆ ಬೀಳುತ್ತದೆ. ಆದರೆ ಹೊಸ ತಲೆನೋವು ಬಂದಿದೆ. ಉಜಿರೆಗೆ ಹೋಗಿ ವಾಪಸು ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ ಕೂಗುತ್ತದೆ, ವೇಗ ಏರುವುದಿಲ್ಲ. ಕೊಟ್ಟಿಗೆಹಾರದಲ್ಲಿ ಗಾಡಿ ತಣ್ಣಗಾದ ಮೇಲೆ ಮತ್ತೆ ಸರಿ. ಈಗಲಾದರೂ ಪ್ಲೇಟೇ?

ಹಾಸನ ಸ್ಪ್ಯಾನರ್:
ಬಿಸಿಯಾದಾಗ ಜಾರಿ, ತಣ್ಣಗಾದಾಗ ಸರಿಹೋಗಿ, ಅದೂ ಮಾಸ್ಟರ್ ಬದಲಿಸಿದ ಬೆನ್ನಿಗೇ ಬಂದಿದೆ ಎಂದರೆ ಮೊದಲ ಅನುಮಾನ ಪೆಡಲಿನಿಂದ ಮಾಸ್ಟರಿನ ಪಿಸ್ಟನ್ನನ್ನು ತಳ್ಳುವ ಪುಶ್ ರಾಡ್ ಮೇಲೆ. ಪೆಡಲನ್ನು ಕೈಯಿಂದ ಮೆಲ್ಲಗೆ ಒತ್ತಿ. ತುದಿಯಲ್ಲಿ ಒಂದಿಷ್ಟು ಸಡಿಲ ಇರಬೇಕು, ಅದೇ ಫ್ರೀ ಪ್ಲೇ. ರಾಡನ್ನು ಉದ್ದ ಇಟ್ಟು ಬಿಗಿ ಮಾಡಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರುವುದಿಲ್ಲ, ಡಬ್ಬಿಗೆ ಎಣ್ಣೆ ವಾಪಸು ಹೋಗುವ ಸಣ್ಣ ತೂತು ಮುಚ್ಚಿಯೇ ಇರುತ್ತದೆ. ಬಿಸಿಗೆ ಹಿಗ್ಗಿದ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಅದೇ ಸ್ಲೇವನ್ನು ತಳ್ಳುತ್ತದೆ. ನೀವು ಕಾಲು ತೆಗೆದಿದ್ದರೂ ಕ್ಲಚ್ ಅರ್ಧ ಒತ್ತಿದಂತೆಯೇ. ಹೀಗೆಯೇ ಓಡಿಸಿದರೆ ಚೆನ್ನಾಗಿರುವ ಪ್ಲೇಟು ನಿಜವಾಗಿಯೂ ಸುಡುತ್ತದೆ.

ಖಚಿತ ಮಾಡಿಕೊಳ್ಳಲು, ಜಾರುತ್ತಿರುವಾಗಲೇ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಮಾಸ್ಟರಿನಿಂದ ಹೊರಡುವ ಪೈಪಿನ ನಟ್ಟನ್ನು ತುಸು ಸಡಿಲಿಸಿ. ಕಣ್ಣು ಜೋಪಾನ, ಎಣ್ಣೆ ಚಿಮ್ಮುತ್ತದೆ. ಅಲ್ಲಿ ಒತ್ತಡ ಇಳಿದು ಕ್ಲಚ್ ಹಿಡಿದರೆ ರಾಡ್ ಅಥವಾ ಆ ತೂತು. ಅಲ್ಲಿ ಏನೂ ಆಗದೆ ಸ್ಲೇವ್ ನಿಪ್ಪಲ್ ಸಡಿಲಿಸಿದಾಗ ಮಾತ್ರ ಹಿಡಿದರೆ ಹೋಸಿನ ಒಳಪದರ ಕಿತ್ತು ಅಡ್ಡ ನಿಂತಿದೆ. ಎರಡೂ ಕಡೆ ಒತ್ತಡ ಇಲ್ಲದಿದ್ದರೆ ಪ್ಲೇಟಿನ ಮಾತು ಆಡೋಣ.

ಮೂಡಿಗೆರೆ ಕ್ವಾಲಿಸ್:
ನಟ್ಟು ಸಡಿಲಿಸಿದ ಕೂಡಲೇ ಚಿಮ್ಮಿತು, ಕ್ಲಚ್ ಹಿಡಿಯಿತು. ಪೆಡಲಿನಲ್ಲಿ ಸಡಿಲವೇ ಇರಲಿಲ್ಲ. ಲಾಕ್ ನಟ್ ಬಿಚ್ಚಿ ರಾಡನ್ನು ಗಿಡ್ಡ ಮಾಡಿ, ಏರ್ ಮತ್ತೊಮ್ಮೆ ತೆಗೆಸಿದೆ. ಈಗ ಘಾಟಿಯಲ್ಲಿ ಜಾರುತ್ತಿಲ್ಲ. ಹೋಸಿಗೆ ಹಾಸನದಲ್ಲಿ ಹೇಳಿಟ್ಟಿದ್ದೇನೆ. ಮೆಕ್ಯಾನಿಕ್ ಮಾತ್ರ ‘ಪ್ಲೇಟೂ ಇನ್ನು ಹೆಚ್ಚು ದಿನ ಬಾರದು’ ಎನ್ನುವುದನ್ನು ಬಿಟ್ಟಿಲ್ಲ.

ಸಕಲೇಶಪುರದಿಂದ:
ಒಳ್ಳೆಯದಾಯಿತು. ನನ್ನ ಗಾಡಿಯಲ್ಲಿ ಸ್ಲೇವ್ ಹೊರಗೆ ಕಾಣುವುದೇ ಇಲ್ಲ, ಬೆಲ್ ಹೌಸಿಂಗಿನ ಒಳಗೇ ಬೇರಿಂಗಿನ ಜೊತೆ ಕೂತಿದೆ. ಇವೇ ಪರೀಕ್ಷೆಗಳು ಆಗುತ್ತವೆಯೇ?

ಹಾಸನ ಸ್ಪ್ಯಾನರ್:
ಕಡ್ಡಿ ನೋಡುವುದು ಸಾಧ್ಯವಿಲ್ಲ, ಪೆಡಲಿನ ಲಕ್ಷಣ ಮತ್ತು ಎಣ್ಣೆಯ ಮಟ್ಟ ನೋಡಬಹುದು. ಮಟ್ಟ ಇಳಿಯುತ್ತಾ ಬಂದು ಬೆಲ್ ಹೌಸಿಂಗಿನ ತಳದಿಂದ ಬ್ರೇಕ್ ಆಯಿಲ್ ಹನಿಯುತ್ತಿದ್ದರೆ ಸ್ಲೇವ್ ಹೋಗಿದೆ. ಆ ಗಾಡಿಯಲ್ಲಿ ಗೇರ್ ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ. ಇಳಿಸಿದಾಗ ಪ್ಲೇಟು, ಪ್ರೆಶರ್ ಪ್ಲೇಟು, ಸ್ಲೇವ್ ಮೂರನ್ನೂ ಒಟ್ಟಿಗೆ ಬದಲಿಸಿ, ಏಕೆಂದರೆ ಅಲ್ಲಿ ಬಿಡಿಭಾಗಕ್ಕಿಂತ ಇಳಿಸುವ ಕೂಲಿಯೇ ಭಾರ.