2 ರೂಪಾಯಿ ನಾಣ್ಯದಲ್ಲಿ ತಿರುವುಮುರುವು ನೆರಳು, ಅಂಚಿನಿಂದ ಗೆರೆ: ಅಚ್ಚಿನ ದೋಷವೋ, ಆಮೇಲೆ ಬಿದ್ದ ಪೆಟ್ಟೋ?

ಪ್ರಶ್ನೆ (ಕೋಲಾರ): ರೂಪಾಯಿ ಚಿಹ್ನೆ ಇರುವ ಸ್ಟೀಲ್ ನಾಣ್ಯ, ತೂಕ 4.85 ಗ್ರಾಂ. ಅಂಕಿಯ ಅಕ್ಕಪಕ್ಕದ ಖಾಲಿ ಜಾಗದಲ್ಲಿ ಸಿಂಹಲಾಂಛನದ ಹೊರಗೆರೆ ಮಸುಕಾಗಿ ಕಾಣುತ್ತದೆ. ಅಂಚಿನಿಂದ ಅಂಕಿಯವರೆಗೆ ಕೂದಲೆಳೆಯಂಥ ಗೆರೆಯೂ ಇದೆ. ಹುಣಸೆಹಣ್ಣಲ್ಲಿ ಉಜ್ಜಿದರೆ ಸ್ಪಷ್ಟವಾಗುತ್ತದೆಯೇ?

ಉತ್ತರ 1 (ತುಮಕೂರು): ದಯವಿಟ್ಟು ಉಜ್ಜಬೇಡಿ, ಮೇಲ್ಮೈ ಹೋದರೆ ಪುರಾವೆಯೂ ಹೋಯಿತು. ಜಿಡ್ಡಿದ್ದರೆ ಅಸಿಟೋನ್‌ನಲ್ಲಿ ಐದು ನಿಮಿಷ ನೆನೆಸಿ, ಡಿಸ್ಟಿಲ್ಡ್ ನೀರಲ್ಲಿ ಅದ್ದಿ, ಉಜ್ಜದೆ ಮೆತ್ತನೆ ಬಟ್ಟೆ ಒತ್ತಿ ನೀರು ಹೀರಿಸಿ. ನಮ್ಮ ಕಡೆಯ ಬೋರ್‌ವೆಲ್ ನೀರು ಬೇಡ. ಒಣಗಿದ ಮೇಲೆ ಉಳಿಯುವ ಸುಣ್ಣದ ಕಲೆ ಲೆನ್ಸಿನಡಿ ಥೇಟ್ ಉಬ್ಬುಗೆರೆಯಂತೆ ಕಾಣುತ್ತದೆ.

ಈಗ ದೀಪವನ್ನು ಒಂದೇ ಪಕ್ಕದಿಂದ ಓರೆಯಾಗಿ ಹಿಡಿದು 10x ಲೂಪಿನಲ್ಲಿ (ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಪುಟ್ಟ ಲೆನ್ಸು) ನೋಡಿ. ನೆರಳಿನ ಗೆರೆ ಉಬ್ಬೋ, ತಗ್ಗೋ? ಎಲ್ಲ ನಿಂತಿರುವುದು ಇದರ ಮೇಲೆ.

ಉಬ್ಬಿದ್ದು, ಖಾಲಿ ಜಾಗದಲ್ಲಷ್ಟೇ ಇದ್ದರೆ ಅದು ಡೈ ಕ್ಲ್ಯಾಶ್, ಅಂದರೆ ಅಚ್ಚುಗಳ ಡಿಕ್ಕಿ. ಪ್ರೆಸ್ಸಿಗೆ ಬಿಲ್ಲೆ (ಇನ್ನೂ ಅಚ್ಚೊತ್ತದ ಲೋಹದ ತುಂಡು) ಬಾರದ ಒಂದು ಹೊಡೆತದಲ್ಲಿ ಮೇಲಿನ ಅಚ್ಚು, ಕೆಳಗಿನ ಅಚ್ಚು ನೇರವಾಗಿ ಗುದ್ದಿಕೊಳ್ಳುತ್ತವೆ. ಅಚ್ಚಿನಲ್ಲಿ ಚಿತ್ರ ತಗ್ಗು, ಬಯಲೇ (ಚಿತ್ರವಿಲ್ಲದ ಖಾಲಿ ಜಾಗ) ಎತ್ತರ. ಹಾಗಾಗಿ ಬಯಲಿಗೆ ಬಯಲು ತಾಗಿ ಒಂದರ ಹೊರಗೆರೆ ಇನ್ನೊಂದರಲ್ಲಿ ಕೂರುತ್ತದೆ. ಮುಂದೆ ಆ ಅಚ್ಚಿನಿಂದ ಬೀಳುವ ಪ್ರತಿ ನಾಣ್ಯಕ್ಕೂ ಅದು ಬರುತ್ತದೆ. ಗುರುತು ತಗ್ಗಾಗಿದ್ದು, ಅಂಕಿಯ ಮೇಲೂ ಹಾದು ಅದನ್ನು ಚಪ್ಪಟೆ ಮಾಡಿದ್ದರೆ, ಯಾರೋ ಎರಡು ನಾಣ್ಯ ಸೇರಿಸಿ ವೈಸಿನಲ್ಲಿ (ತಿರುಪು ಬಿಗಿದು ಹಿಡಿಯುವ ಸಾಧನ) ಅದುಮಿದ್ದಾರೆ.

ಸಿಂಹಲಾಂಛನ ಎಡಬಲ ಹೆಚ್ಚುಕಡಿಮೆ ಒಂದೇ ಥರ, ಕಣ್ಣಳತೆ ನಂಬಬೇಡಿ. ಎರಡೂ ಮುಖದ ಫೋಟೋ ತೆಗೆದು, ಸಿಂಹದ್ದನ್ನು ಎಡಬಲ ತಿರುಗಿಸಿ, 50% ಪಾರದರ್ಶಕ ಮಾಡಿ ಅಂಕಿಯ ಫೋಟೋ ಮೇಲೆ ಕೂರಿಸಿ. ಗೆರೆಗೆ ಗೆರೆ ಕೂಡಬೇಕು.

ಪ್ರಶ್ನೆ: ಉಬ್ಬೇ ಇದೆ, ಕೂಡಿತು. ಅಂಚಿನ ಗೆರೆಯೂ ಉಬ್ಬು.

ಉತ್ತರ 2 (ಚಿಕ್ಕಬಳ್ಳಾಪುರ): ಹಾಗಾದರೆ ಅಂಚಿನ ಗೆರೆ ಅಚ್ಚಿನ ಬಿರುಕು. ಬಿರುಕಿನೊಳಗೆ ಲೋಹ ನುಗ್ಗುವುದರಿಂದ ನಾಣ್ಯದಲ್ಲಿ ಗೆರೆ ಉಬ್ಬುತ್ತದೆ, ಗೀರಾಗಿದ್ದರೆ ತಗ್ಗಿರುತ್ತಿತ್ತು. ಕ್ಲ್ಯಾಶ್ ಆದ ಅಚ್ಚು ಬಿರುಕು ಬಿಡುವುದು ಸಾಮಾನ್ಯ. ಎರಡು ಬಿಲ್ಲೆ ಒಟ್ಟಿಗೆ ನುಗ್ಗಿದರೂ, ಬಿಲ್ಲೆ ಸರಿಯಾಗಿ ಕಾಯಿಸಿ ಮೆತ್ತಗಾಗಿರದಿದ್ದರೂ ಅಚ್ಚು ಸೀಳುತ್ತದೆ. ಕ್ರೋಮಿಯಂ ಸೇರಿದ ಈ ಸ್ಟೀಲು ಮೊದಲೇ ಗಟ್ಟಿ, ತಾಮ್ರ-ನಿಕ್ಕಲ್‌ನಷ್ಟು ಸಲೀಸಾಗಿ ಹರಿಯುವುದಿಲ್ಲ.

ಬಿರುಕು ಅಂಚಿನಿಂದ ಅಂಚಿಗೆ ಬಳಸಿ ಬಂದರೆ ಅಚ್ಚಿನ ಚೂರೇ ಉದುರುತ್ತದೆ. ಆಗ ನಾಣ್ಯದ ಅಂಚಿನಲ್ಲಿ ಚಿತ್ರವಿಲ್ಲದ ದಿಬ್ಬ ಬರುತ್ತದೆ, ಅದೇ ಕಡ್. ಅದರ ನೇರ ಹಿಂಬದಿಯ ಅಕ್ಷರಗಳು ಮಸುಕಾಗಿರಬೇಕು, ಯಾಕೆಂದರೆ ಲೋಹವೆಲ್ಲ ಆ ಗುಂಡಿಗೆ ಹರಿದಿರುತ್ತದೆ. ಹಿಂಬದಿ ಚೂಪಾಗಿದ್ದರೆ ಅನುಮಾನಿಸಿ.

ಖಾಲಿ ಜಾಗದಲ್ಲಿ ಒಂದೇ ದಿಕ್ಕಿನ ನವಿರು ಉಬ್ಬುಗೆರೆಗಳಿವೆಯೇ ಎಂದೂ ನೋಡಿ. ಇದ್ದರೆ ಕ್ಲ್ಯಾಶ್ ಗುರುತು ಅಳಿಸಲು ಅಚ್ಚನ್ನು ಉಜ್ಜಿದ್ದಾರೆ. ಬರೀ ಸವೆದ ಅಚ್ಚಾದರೆ ಗೆರೆಗಳು ನಡುವಿನಿಂದ ಅಂಚಿನ ಕಡೆಗೆ ಚದುರಿ, ಅಕ್ಷರದ ಬುಡ ದಪ್ಪಗಾಗುತ್ತದೆ.

ಅದೇ ಅಚ್ಚಿನ ಇನ್ನೊಂದು ನಾಣ್ಯ ಬೇಕಾದರೆ ಇಸವಿ, ಇಸವಿಯ ಕೆಳಗಿನ ಟಂಕಸಾಲೆಯ ಗುರುತು ಎರಡೂ ಹೊಂದಬೇಕು: ವಜ್ರ ಮುಂಬೈ, ನಕ್ಷತ್ರ ಹೈದರಾಬಾದ್, ಚುಕ್ಕೆ ನೋಯ್ಡಾ, ಏನೂ ಇಲ್ಲದ್ದು ಕೋಲ್ಕತ್ತಾ. ನೆರಳಿದ್ದೂ ಬಿರುಕಿಲ್ಲದ ನಾಣ್ಯ ಸಿಕ್ಕರೆ ಅದು ನಿಮ್ಮದಕ್ಕಿಂತ ಮೊದಲು ಬಿದ್ದದ್ದು. ಎರಡನ್ನೂ ಒಂದೇ ಬೆಳಕಲ್ಲಿ ಫೋಟೋ ತೆಗೆದು ಇಲ್ಲಿ ಹಾಕಿ.