ಎಕ್ಸಿಕ್ಯುಟಿವ್ ಆರ್ಡರ್‌ಗೆ ಕನ್ನಡದಲ್ಲಿ ಏನಂತೀರಿ? ಶನಿವಾರದೊಳಗೆ ಬೇಕು

ನ್ಯೂಜೆರ್ಸಿಯಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿ ನಮ್ಮ ಕಡೆಯ ಕೆಲವು ಹಿರಿಯರು ಅಮೆರಿಕದ ಪೌರತ್ವ ಪರೀಕ್ಷೆಗೆ ಓದುತ್ತಿದ್ದಾರೆ. ವಯಸ್ಸು 55 ದಾಟಿ, ಗ್ರೀನ್ ಕಾರ್ಡ್ ಮೇಲೆ 15 ವರ್ಷ ಇಲ್ಲಿದ್ದವರು ತಮ್ಮ ಭಾಷೆಯಲ್ಲೇ ಉತ್ತರ ಹೇಳಬಹುದು, ದುಭಾಷಿ ಜೊತೆಗಿರಬೇಕು ಅಷ್ಟೇ. ಅವರಿಗೆ ಒಂದು ಚಿಕ್ಕ ಕೈಪಿಡಿ ಮಾಡುತ್ತಿದ್ದೇನೆ. ಶನಿವಾರ ಪ್ರಿಂಟ್‌ಗೆ ಹೋಗಬೇಕು.

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ತೊಂದರೆಯಿಲ್ಲ. ಸಿಕ್ಕಿಹಾಕಿಕೊಂಡಿದ್ದು 'ಎಕ್ಸಿಕ್ಯುಟಿವ್ ಆರ್ಡರ್' ಹತ್ತಿರ, ಅಂದರೆ ಅಮೆರಿಕದ ಅಧ್ಯಕ್ಷರು ಸಹಿ ಹಾಕಿ ಹೊರಡಿಸುವ ಆದೇಶ. ಹುಡುಕಿದರೆ ಕಾರ್ಯಕಾರಿ ಆದೇಶ, ಕಾರ್ಯನಿರ್ವಾಹಕ ಆದೇಶ, ಕಾರ್ಯಾದೇಶ ಎಲ್ಲಾ ಸಿಗುತ್ತವೆ. ಸುಗ್ರೀವಾಜ್ಞೆ ಅಂತ ಬರೆದವರೂ ಇದ್ದಾರೆ. ಯಾವುದು ಇಟ್ಟುಕೊಳ್ಳಲಿ? ಹಾಗೇ 'ವೀಟೊ'ಗೂ ಒಂದು ಪದ ಕೊಟ್ಟರೆ ಉಪಕಾರ.

ಬೆಂಗಳೂರಿನಿಂದ (ನಿವೃತ್ತ ಸೆಕ್ಷನ್ ಆಫೀಸರ್):

ಕಾರ್ಯಾದೇಶ ಖಂಡಿತ ಬೇಡ. ಕಚೇರಿ ಕನ್ನಡದಲ್ಲಿ ಅದು ವರ್ಕ್ ಆರ್ಡರ್. ಟೆಂಡರ್ ಆಗಿ, ಕರಾರಾಗಿ, ಇನ್ನು ಚರಂಡಿ ಕೆಲಸ ಶುರು ಮಾಡಪ್ಪ ಅಂತ ಗುತ್ತಿಗೆದಾರನ ಕೈಗೆ ಕೊಡುವ ಕಾಗದ. ಕಾರ್ಯನಿರ್ವಾಹಕವೂ ಬೇಡ, ತಾಲ್ಲೂಕು ಪಂಚಾಯಿತಿ ಇಒ ಸಾಹೇಬರ ಆದೇಶ ಅಂದುಕೊಳ್ಳುತ್ತಾರೆ. 'ಅಧ್ಯಕ್ಷರ ಆದೇಶ' ಅಂತ ಬರೆಯಿರಿ. ಮುಗೀತು.

ಗಂಗಾವತಿಯಿಂದ:

ಸುಗ್ರೀವಾಜ್ಞೆ ಇರುವಾಗ ಬೇರೆ ಯಾಕೆ ಮೇಡಂ? ಸುಗ್ರೀವ ನಮ್ಮ ಊರಿನವನು. ಆನೆಗೊಂದಿಗೆ ಬನ್ನಿ, ಕಿಷ್ಕಿಂಧೆ ತೋರಿಸುತ್ತೇನೆ. ಸೀತೆಯನ್ನು ಹುಡುಕಲು ಹೊರಟ ಕಪಿಗಳಿಗೆ ಅವನು ಕೊಟ್ಟದ್ದು ಒಂದೇ ತಿಂಗಳು. ತಪ್ಪಿದರೆ ತಲೆದಂಡ. ಅಂಗದನ ಗುಂಪಿಗೆ ಗಡುವು ಮೀರಿತು. ವಾಪಸ್ ಹೋಗಲು ಹೆದರಿ ಉಪವಾಸ ಬಿದ್ದು ಸಾಯಲು ಕೂತರು. ಸಂಪಾತಿ ಬಂದು ದಾರಿ ತೋರಿಸದಿದ್ದರೆ ಅವರ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಯಾರೂ ಮೀರಲಾಗದ ಆಜ್ಞೆ ಅಂದರೆ ಅದು. ಹಿಂದಿಯವರಿಗೆ ಅಧ್ಯಾದೇಶ, ತಮಿಳರಿಗೆ ಅವಸರ ಸಟ್ಟಂ. ಕಥೆ ಇರುವ ಪದ ನಮಗೆ ಮಾತ್ರ. ಅಮೆರಿಕದ ಅಧ್ಯಕ್ಷರಿಗೂ ಇದೇ ಒಪ್ಪುತ್ತದೆ.

ಧಾರವಾಡದಿಂದ (ವಕೀಲ):

ಕಥೆ ಚಲೋ ಇದೆ. ಪದ ತಪ್ಪು.

ಸುಗ್ರೀವಾಜ್ಞೆ ಅಂದರೆ ಕಾನೂನು. ಸಂವಿಧಾನದ 123ನೇ ವಿಧಿ ನೋಡಿ. ಸಂಸತ್ತಿನ ಎರಡೂ ಸದನ ಒಟ್ಟಿಗೆ ಅಧಿವೇಶನದಲ್ಲಿ ಇಲ್ಲದಾಗ, ತುರ್ತು ಇದೆ ಅಂತ ಸಂಪುಟ ಹೇಳಿದರೆ, ರಾಷ್ಟ್ರಪತಿ ಹೊರಡಿಸುತ್ತಾರೆ. ಅದಕ್ಕೆ ಕಾಯ್ದೆಯಷ್ಟೇ ಬಲ. ಸದನ ಮತ್ತೆ ಸೇರಿದ ಆರು ವಾರದಲ್ಲಿ ಒಪ್ಪಿಗೆ ಸಿಗದಿದ್ದರೆ ಬಿದ್ದುಹೋಗುತ್ತದೆ. ಶಾಸಕಾಂಗದ ಕೆಲಸವನ್ನು ಕಾರ್ಯಾಂಗ ಸ್ವಲ್ಪ ದಿನ ಮಾಡುವುದು, ಅಷ್ಟೇ.

ಅಮೆರಿಕದ ಅಧ್ಯಕ್ಷನಿಗೆ ಈ ಅಧಿಕಾರ ಇಲ್ಲವೇ ಇಲ್ಲ. ಕಾನೂನು ಮಾಡುವ ಹಕ್ಕು ಪೂರ್ತಿ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ. ಅವನು ಮಾಡುವುದು ಇರುವ ಕಾನೂನಿನ ಕೆಳಗೆ, ಇಲ್ಲಾ ಸಂವಿಧಾನ ತನಗೇ ಕೊಟ್ಟ ಅಧಿಕಾರದ ಕೆಳಗೆ, ತನ್ನ ಇಲಾಖೆಗಳಿಗೆ 'ಹೀಗೆ ಮಾಡಿ' ಅಂತ ಹೇಳುವುದು.

ಅಲ್ಲಿ ಹಿಂದೆ ಅಧ್ಯಕ್ಷರಾಗಿದ್ದ ಟ್ರೂಮನ್ ಒಬ್ಬರದ್ದೇ ಎರಡು ಆದೇಶ ತೆಗೆದುಕೊಳ್ಳಿ. 1948ರ ಜುಲೈಯಲ್ಲಿ ಸೈನ್ಯದಲ್ಲಿ ಬಿಳಿಯರು ಕರಿಯರು ಅನ್ನುವ ಭೇದ ಇರಬಾರದು ಅಂತ ಆದೇಶ ಮಾಡಿದರು. ನಿಂತಿತು. ಯಾಕೆಂದರೆ ಸೈನ್ಯದ ದಂಡನಾಯಕ ಅಧ್ಯಕ್ಷನೇ. 1952ರ ಏಪ್ರಿಲ್‌ನಲ್ಲಿ, ಕೊರಿಯಾ ಯುದ್ಧ ನಡೆಯುತ್ತಿತ್ತು, ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರ ಆಗುವುದಿತ್ತು. ಕಾರ್ಖಾನೆಗಳನ್ನು ಸರ್ಕಾರ ವಶಕ್ಕೆ ತೆಗೆದುಕೊಳ್ಳಲಿ ಅಂತ ಇನ್ನೊಂದು ಆದೇಶ. ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ ಹೊಡೆದುಹಾಕಿತು. ಇದು ಕಾನೂನು ಮಾಡಿದ ಹಾಗೆ, ಆ ಕೆಲಸ ಕಾಂಗ್ರೆಸ್ಸಿನದು ಅಂತ. ಟ್ರೂಮನ್ ಕೈಯಲ್ಲಿ ನಮ್ಮ ಸುಗ್ರೀವಾಜ್ಞೆಯಂಥದ್ದು ಇದ್ದಿದ್ದರೆ ಆ ಕಾರಣಕ್ಕೆ ಸೋಲುತ್ತಲೇ ಇರಲಿಲ್ಲ. ಈಗ ಹೇಳಿ, ಎರಡಕ್ಕೂ ಒಂದೇ ಪದ ಹೇಗಾಗುತ್ತದೆ?

ಗಂಗಾವತಿಯಿಂದ:

ಆರು ವಾರಕ್ಕೆ ಬಿದ್ದುಹೋಗುತ್ತದೆ ಅಂತೀರಿ. ನಮ್ಮಲ್ಲಿ ಬಿದ್ದದ್ದು ಎಷ್ಟು?

ಧಾರವಾಡದಿಂದ:

ಒಳ್ಳೇ ಪ್ರಶ್ನೆ. 1967ರಿಂದ 1981ರೊಳಗೆ ಬಿಹಾರದಲ್ಲಿ 256 ಸುಗ್ರೀವಾಜ್ಞೆಗಳನ್ನು ಮತ್ತೆ ಮತ್ತೆ ಹೊರಡಿಸಿ ಜೀವ ಹಿಡಿದಿದ್ದರು. ಒಂದಂತೂ ಹತ್ತಿರ ಹತ್ತಿರ 14 ವರ್ಷ ಬದುಕಿತ್ತು. ಪುಣೆಯ ಅರ್ಥಶಾಸ್ತ್ರದ ಪ್ರೊಫೆಸರ್ ಡಿ.ಸಿ. ವಾಧ್ವಾ ಇದನ್ನೆಲ್ಲ ಲೆಕ್ಕ ಹಾಕಿ ಸುಪ್ರೀಂ ಕೋರ್ಟ್‌ಗೆ ಹೋದರು. ಇದು ಸಂವಿಧಾನಕ್ಕೆ ಮಾಡುವ ಮೋಸ ಅಂತ 1986ರಲ್ಲಿ ಕೋರ್ಟ್ ಹೇಳಿತು. 2017ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠವೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಅದೂ ಬಿಹಾರದ್ದೇ ಕೇಸು.

ಬೆಂಗಳೂರಿನಿಂದ:

ವಕೀಲರು ಹೇಳಿದ್ದು ಸರಿ. ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಜಿಒ, ಅಂದರೆ ಸರ್ಕಾರಿ ಆದೇಶ. ಆದರೆ ಒಂದು ವ್ಯತ್ಯಾಸ ಇದೆ. ಜಿಒ ಕೊನೆಯಲ್ಲಿ 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಅಂತ ಇರುತ್ತದೆ. ಕೆಳಗೆ ಸಹಿ ಮಾಡುವವರು ಅಧೀನ ಕಾರ್ಯದರ್ಶಿ. ಆ ಕಾಗದವನ್ನು ರಾಜ್ಯಪಾಲರು ಕಣ್ಣಲ್ಲೂ ಕಂಡಿರುವುದಿಲ್ಲ. ದಿಲ್ಲಿಯಲ್ಲಿ ರಾಷ್ಟ್ರಪತಿ ಹೆಸರಲ್ಲಿ ಇದೇ ಪದ್ಧತಿ, 77ನೇ ವಿಧಿ. ಸಂಪುಟದ ಸಲಹೆಯಂತೆ ನಡೆಯಲೇಬೇಕು ಅಂತ 1976ರ ತಿದ್ದುಪಡಿ ಹೇಳಿತು. ಒಂದು ಸಲ ಮರುಯೋಚನೆಗೆ ವಾಪಸ್ ಕಳಿಸಬಹುದು ಅಂತ 1978ರದ್ದು ಸೇರಿಸಿತು. ಅಷ್ಟೇ ಜಾಗ.

ಅಮೆರಿಕದಲ್ಲಿ ಅಧ್ಯಕ್ಷನೇ ಕ್ಯಾಮೆರಾ ಮುಂದೆ ಕೂತು ದಪ್ಪ ಪೆನ್ನಲ್ಲಿ ಸಹಿ ಹಾಕುತ್ತಾನೆ. ಸಂಪುಟ ಬೇಡ ಅಂದರೂ ಹಾಕಬಹುದು. ಹಾಗಾಗಿ 'ಅಧ್ಯಕ್ಷರ' ಅನ್ನುವುದು ಇರಲೇಬೇಕು. 'ಸರ್ಕಾರಿ ಆದೇಶ' ಸಾಲದು.

ಶಿವಮೊಗ್ಗದಿಂದ:

ಅದ್ಯಕ್ಶ, ಆದೇಶ, ಆಜ್ನೆ, ಕಾರ‍್ಯಾಂಗ. ಎಲ್ಲಾ ಸಂಸ್ಕ್ರುತ. ಎರಡು ಸಂಸ್ಕ್ರುತ ಪದಗಳಲ್ಲಿ ಯಾವುದು ಚೆಂದ ಅಂತ ಜಗಳ ಆಡುತ್ತಿದ್ದೀರಿ. ಹಳಗನ್ನಡದಲ್ಲಿ 'ಬೆಸ' ಇದೆ. ಅಪ್ಪಣೆ ಅಂತಲೇ ಅರ‍್ತ. 'ಮೇಲಾಳ್ಬೆಸ' ಅಂತ ಮಾಡಿಕೊಳ್ಳಿ. ಜನ ಬಳಸಿದರೆ ನಿಲ್ಲುತ್ತದೆ.

ಬೆಂಗಳೂರಿನಿಂದ:

ಬೆಸ ಅಂದರೆ ಒಂದು, ಮೂರು, ಐದು. ಮೂರನೇ ಕ್ಲಾಸ್ ಮಗುವನ್ನು ಕೇಳಿ.

ಶಿವಮೊಗ್ಗದಿಂದ:

ಸರಿ, 'ಆಣೆ' ಇಟ್ಟುಕೊಳ್ಳಿ.

ಧಾರವಾಡದಿಂದ:

ಆಣೆ ಬಂದದ್ದೇ ಆಜ್ಞೆಯಿಂದ. ತದ್ಭವ. ನಿಮ್ಮ ಲೆಕ್ಕದಲ್ಲಿ ಅದೂ ಹೊರಗಿನದು. ಎಷ್ಟು ಬಾಗಿಲು ಹಾಕುತ್ತೀರಿ? ನಮ್ಮ ಕಡೆ ಹಳ್ಳಿಯಲ್ಲಿ ಹುಕುಂ ಅಂತಾರೆ, ಎಲ್ಲರಿಗೂ ತಿಳಿಯುತ್ತದೆ. ಬಗರ್ ಹುಕುಂ ಜಮೀನಿಗೆ ನಮೂನೆ 57 ತುಂಬಿ ವರ್ಷಗಟ್ಟಲೆ ಕಾಯುತ್ತಿರುವ ರೈತನ ಹತ್ತಿರ ಹೋಗಿ, ಇದು ಅರಬ್ಬೀ ಪದ, ಬಳಸಬೇಡಪ್ಪಾ ಅಂತ ಹೇಳಿ ನೋಡಿ.

ಶಿವಮೊಗ್ಗದಿಂದ:

ಹುಕುಂ ಬಗ್ಗೆ ನನ್ನ ತಕರಾರಿಲ್ಲ. ಜನರ ಬಾಯಿಂದ ಬಂದದ್ದು. ಕಚೇರಿಯಲ್ಲಿ ಕೂತು ಹೊಲಿದ 'ಕಾರ‍್ಯಕಾರಿ' ಬಗ್ಗೆ ತಕರಾರು.

ಧಾರವಾಡದಿಂದ:

'ತಕರಾರು' ಕೂಡ ಅರಬ್ಬೀನೇ. ಸುಮ್ನೆ ನೆನಪಿಸಿದೆ.

ನ್ಯೂಜೆರ್ಸಿಯಿಂದ:

ಎಲ್ಲರಿಗೂ ಥ್ಯಾಂಕ್ಸ್. 'ಅಧ್ಯಕ್ಷರ ಆದೇಶ' ಹಾಕುತ್ತೇನೆ. ಇನ್ನೊಂದು ಅನುಮಾನ. 2025ರ ಸೆಪ್ಟೆಂಬರ್‌ನಲ್ಲಿ ಎಚ್-1ಬಿ ವೀಸಾಕ್ಕೆ 1 ಲಕ್ಷ ಡಾಲರ್ ಶುಲ್ಕ ಬಂತಲ್ಲ, ಇಲ್ಲಿ ನಮ್ಮವರೆಲ್ಲ ಗಾಬರಿ ಆಗಿದ್ದರು. ಅದು ಎಕ್ಸಿಕ್ಯುಟಿವ್ ಆರ್ಡರ್ ಅಲ್ಲ, 'ಪ್ರೊಕ್ಲಮೇಶನ್'. ಅದಕ್ಕೆ ಏನು? ವೀಟೊ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ!

ಧಾರವಾಡದಿಂದ:

ಪ್ರೊಕ್ಲಮೇಶನ್‌ಗೆ 'ಘೋಷಣೆ' ಸಾಕು. ತುರ್ತುಪರಿಸ್ಥಿತಿ ಘೋಷಣೆ ಅಂತ 1975ರಿಂದ ಜನರ ಬಾಯಲ್ಲಿದೆ. ಆರ್ಡರ್ ಹೋಗುವುದು ಹೆಚ್ಚಾಗಿ ಇಲಾಖೆಗಳಿಗೆ, ಪ್ರೊಕ್ಲಮೇಶನ್ ಹೆಚ್ಚಾಗಿ ಹೊರಗಿನವರಿಗೆ. ಲಿಂಕನ್ 1863ರಲ್ಲಿ ಗುಲಾಮರ ಬಿಡುಗಡೆ ಸಾರಿದ್ದೂ ಘೋಷಣೆಯೇ. ಬಲದಲ್ಲಿ ಅಂಥ ವ್ಯತ್ಯಾಸ ಇಲ್ಲ.

ವೀಟೊಗೆ 'ತಡೆಯಾಜ್ಞೆ' ಅಂತ ಮಾತ್ರ ಬರೆಯಬೇಡಿ. ಅದು ಕೋರ್ಟ್ ಕೊಡುವ ಸ್ಟೇ.

ಶಿವಮೊಗ್ಗದಿಂದ:

ವೀಟೊ ಅಂದರೆ ಲ್ಯಾಟಿನ್‌ನಲ್ಲಿ 'ನಾನು ಬೇಡ ಅನ್ನುತ್ತೇನೆ'. ಕನ್ನಡದಲ್ಲಿ 'ಒಲ್ಲೆ'. ಅದ್ಯಕ್ಶ ಕಟ್ಟಲೆಗೆ ಒಲ್ಲೆ ಅಂದ. ಇದಕ್ಕಿಂತ ಚಿಕ್ಕದು ಬೇಕಾ?

ಬೆಂಗಳೂರಿನಿಂದ:

ವಾಕ್ಯದಲ್ಲಿ ಚೆನ್ನಾಗಿದೆ, ಒಪ್ಪಿದೆ. 'ಒಲ್ಲೆ ಅಧಿಕಾರ' ಅಂತ ಶೀರ್ಷಿಕೆ ಹಾಕಿದರೆ ನಗುತ್ತಾರೆ. ವೀಟೊ ಅಂತಲೇ ಇಡಿ ಮೇಡಂ. ಪಕ್ಕದಲ್ಲಿ ಒಂದು ವಾಕ್ಯ ಸೇರಿಸಿ: ಕಾಂಗ್ರೆಸ್ ಒಪ್ಪಿದ ಮಸೂದೆಗೆ ಅಧ್ಯಕ್ಷರು ಸಹಿ ಹಾಕದೆ ವಾಪಸ್ ಕಳಿಸುವುದು, ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಂದರೆ ಅದನ್ನೂ ಮೀರಬಹುದು. ನಮ್ಮ ರಾಷ್ಟ್ರಪತಿಯಾಗಿದ್ದ ಜೈಲ್ ಸಿಂಗ್ ಅಂಚೆ ಮಸೂದೆಯನ್ನು ಹೂಂ ಅನ್ನದೆ, ಉಹೂಂ ಅನ್ನದೆ ಇಟ್ಟುಕೊಂಡು ಕೂತರಲ್ಲ, ಅದು ಬೇರೆ. ನಮ್ಮ ರಾಷ್ಟ್ರಪತಿಗೆ ಸಂವಿಧಾನದಲ್ಲಿ ಗಡುವು ಬರೆದಿಲ್ಲ. ಅಲ್ಲಿ ಭಾನುವಾರ ಬಿಟ್ಟು ಹತ್ತು ದಿನ.

ಗಂಗಾವತಿಯಿಂದ:

ಎಲ್ಲಾ ಸರಿ. ಆದರೆ ಕನ್ನಡದಲ್ಲಿ ಸುಗ್ರೀವಾಜ್ಞೆಯಷ್ಟು ಗತ್ತಿನ ಪದ ಇನ್ನೊಂದಿಲ್ಲ. ಯಾರೂ ಮೀರಲಾಗದ ಆಜ್ಞೆ!

ಬೆಂಗಳೂರಿನಿಂದ:

ಭಾರತದ್ದಕ್ಕೆ ಇಟ್ಟುಕೊಳ್ಳಿ, ಯಾರು ಬೇಡ ಅಂದರು? ಗೆಜೆಟ್‌ನಲ್ಲಿ ಮಾತ್ರ 'ಅಧ್ಯಾದೇಶ' ಅಂತ ಇರುತ್ತದೆ. ಗತ್ತಿನ ಮಾತಿಗೆ ಬಂದರೆ, ಅಂಗಡಿ ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕು ಅಂತ ನಮ್ಮ ಸರ್ಕಾರ ಕಳಿಸಿದ ಸುಗ್ರೀವಾಜ್ಞೆಯನ್ನು 2024ರ ಜನವರಿಯಲ್ಲಿ ರಾಜ್ಯಪಾಲರು ಸಹಿ ಹಾಕದೆ ವಾಪಸ್ ಕಳಿಸಿದರು. ಸದನದಲ್ಲೇ ಪಾಸು ಮಾಡಿ ಅಂದರು. ಫೆಬ್ರವರಿಯಲ್ಲಿ ಮಸೂದೆ ತಂದು ಮಾಡಿದ್ದಾಯಿತು.

ಶಿವಮೊಗ್ಗದಿಂದ:

ಆ ಪಲಕಗಳಲ್ಲಿ ಇರುವ ಕನ್ನಡ ಎಂತದು ಅಂತ ನೋಡಿದ್ದೀರಾ? ಇಂಗ್ಲಿಶನ್ನೇ ಕನ್ನಡ ಲಿಪಿಯಲ್ಲಿ ಬರೆದು ಕೈತೊಳೆದುಕೊಂಡಿದ್ದಾರೆ. ಅದನ್ನು ಕೇಳಿ.

ಬೆಂಗಳೂರಿನಿಂದ:

ಅದಕ್ಕೆ ಬೇರೆ ಎಳೆ ಶುರು ಮಾಡಿ.

ನ್ಯೂಜೆರ್ಸಿಯಿಂದ:

ಫೈಲು ಕಳಿಸಿಬಿಟ್ಟೆ. 'ಅಧ್ಯಕ್ಷರ ಆದೇಶ', 'ಘೋಷಣೆ', 'ವೀಟೊ'. ವಿವರಣೆಯಲ್ಲಿ 'ಒಲ್ಲೆ ಅಂದರೆ' ಅಂತ ಒಂದು ಕಡೆ ಸೇರಿಸಿದ್ದೇನೆ, ಶಿವಮೊಗ್ಗದವರು ಗಮನಿಸಲಿ. ಇನ್ನು ಎರಡನೇ ಭಾಗಕ್ಕೆ 'ಇಂಪೀಚ್‌ಮೆಂಟ್' ಇದೆ. ಮಹಾಭಿಯೋಗ, ದೋಷಾರೋಪಣೆ, ವಾಗ್ದಂಡನೆ, ಮೂರೂ ಕಾಣುತ್ತಿವೆ. ಕೆಳಮನೆ ಆರೋಪ ಹೊರಿಸುವುದಕ್ಕೆ ಒಂದು, ಸೆನೆಟ್ ವಿಚಾರಣೆ ಮಾಡಿ ತೆಗೆದುಹಾಕುವುದಕ್ಕೆ ಇನ್ನೊಂದು ಬೇಕು. ಇದಕ್ಕೆ ಅವಸರ ಇಲ್ಲ, ಮುಂದಿನ ತಿಂಗಳು ಸಾಕು.